ಹಿನಾ ಬಿಟ್ಟು ಖಸ್

ಚಳ್ಳಕೆರೆ ಸುತ್ತಿನ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರು ಹೊತ್ತು ತರುತ್ತಿದ್ದುದು ಬುಡೇನ್ ಸಾಬರ ಅಂಗಡಿಗೆ. ತಾಮ್ರದ ತಂತಿ ಸುತ್ತುವ ಕೆಲಸ, ಮೈಯೆಲ್ಲ ವಾರ್ನಿಷ್ ವಾಸನೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಇಮಾಂ ಬೀ ಮೂಗು ಮುಚ್ಚಿಕೊಂಡು ನಕ್ಕು, ತಾನೇ ಬಜಾರಿಗೆ ಬಂದು ಹಿನಾ ಅತ್ತರು ಆರಿಸಿದ್ದಳು. ಆಮೇಲೆ ಸಾಬರು ಬೇರೆ ಅತ್ತರು ಮುಟ್ಟಲಿಲ್ಲ. ಅಂಗಡಿಗೆ ಹೊರಡುವಾಗ ಅದನ್ನು ಅವಳೇ ಅವರ ಕಿವಿಯ ಹಿಂದೆ ಹಚ್ಚಬೇಕು.

ಕಳೆದ ವರ್ಷ ಇಮಾಂ ಬೀಗೆ ಮರೆವು ಹತ್ತಿತು. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಸೊಸೆ ಶಾಯಿಸ್ತಾಳ ಹೆಸರು, ಕೊನೆಗೆ ಗಂಡನನ್ನೇ. ಅವರು ಹತ್ತಿರ ಬಂದರೆ ಸೆರಗು ಎಳೆದುಕೊಂಡು ಗೋಡೆಗೆ ಸರಿಯುತ್ತಿದ್ದಳು. ಊಟವನ್ನೂ ಬಿಟ್ಟಳು.

ಒಂದು ಶುಕ್ರವಾರ ಅತ್ತರಿನ ಅಂಗಡಿಯಲ್ಲಿ ಹಿನಾ ಮುಗಿದಿತ್ತು. ಅಂಗಡಿಯ ಇಫ್ತಿಕಾರ್, "ಖಸ್ ಐತೆ ಚಾಚಾ, ಲಾವಂಚದ್ದು. ತಂಪಾಗಿರ್ತೈತೆ, ನೋಡ್ರಿ" ಎಂದು ಅವರ ಮಣಿಕಟ್ಟಿಗೆ ಸವರಿದ. ಸಾಬರು ಹಾಗೆಯೇ ಮನೆಗೆ ಬಂದರು.

ಇಮಾಂ ಬೀ ಮುಖವೆತ್ತಿದಳು. ಕಣ್ಣು ಅರಳಿತು.

"ಅಬ್ಬಾ! ಮೊಳಕಾಲ್ಮೂರಿಂದ ಈಗ ಬಂದ್ರಾ?"

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡುತ್ತಿದ್ದ ಅವಳ ತಂದೆ, ಅವಳ ಅಬ್ಬಾ, ಖಸ್ ಹಚ್ಚುತ್ತಿದ್ದರು. ಅವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. 'ನಾನು ಕಣೇ' ಎನ್ನಲು ಸಾಬರು ಬಾಯಿ ತೆರೆದರು. ಅಷ್ಟರಲ್ಲಿ ಅವಳು, "ಹಸಿವಾಗೈತೆ ಅಬ್ಬಾ" ಎಂದಳು. ಸಾಬರು ಅನ್ನ ಕಲಸಿ ತುತ್ತು ಕೊಟ್ಟರು. ತಟ್ಟೆ ಖಾಲಿಯಾಯಿತು.

ಮರುದಿನ ಸಾಬರಿಗೆ ತಡೆಯಲಾಗಲಿಲ್ಲ. ಮನೆಯ ಸೀಸೆಯಲ್ಲಿ ತಳ ಕಂಡಿದ್ದ ಹಿನಾ ಹಚ್ಚಿಕೊಂಡು, ಗಡ್ಡ ಬಾಚಿಕೊಂಡು ಅವಳೆದುರು ಕೂತರು.

"ಇಮಾಂ, ನೀನೇ ಆರ್ಸಿದ್ದಲ್ಲ ಇದು? ಮೂಸಿ ನೋಡು."

ಅವಳು ಚೀರಿದಳು. "ಯಾರೋ ಮುದುಕ ಒಳಗೆ ಬಂದಾನೆ! ಅಬ್ಬಾನ್ನ ಕರೀರಿ!"

ಶಾಯಿಸ್ತಾ ಓಡಿಬಂದು ಅತ್ತೆಯನ್ನು ತಬ್ಬಿಕೊಂಡಳು. "ಬಿಟ್ಬಿಡ್ರಿ ಮಾವ. ಹೆದರ್ಕೊಂಡವ್ರೆ." ಸಾಬರು ಬಚ್ಚಲಿಗೆ ಹೋಗಿ, ಸೋಪು ಹಾಕಿ ಕತ್ತು ಕೆಂಪಾಗುವಂತೆ ಉಜ್ಜಿಕೊಂಡರು.

ಮುಂದಿನ ವಾರ ಇಫ್ತಿಕಾರ್ ಹಿನಾ, ಖಸ್ ಎರಡರ ಸೀಸೆಯನ್ನೂ ಮುಂದಿಟ್ಟ. "ಹಿನಾ ಬಂದೈತೆ ಚಾಚಾ. ನಿಮಗಂತಾನೇ ಎತ್ತಿಟ್ಟೀನಿ." ಸಾಬರು ಹಿನಾದ ಮುಚ್ಚಳ ತೆಗೆದು ಮೂಸಿದರು. ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

"ಖಸ್ ಕೊಡಪ್ಪ" ಎಂದರು.

ಅಂದು ಸಂಜೆ ಉಂಡಾದ ಮೇಲೆ ಇಮಾಂ ಬೀ ಅವರ ಪಕ್ಕಕ್ಕೆ ಸರಿದು ದನಿ ತಗ್ಗಿಸಿದಳು.

"ಅಬ್ಬಾ, ಆ ಚಳ್ಳಕೆರೆ ಹುಡುಗ, ಮೋಟಾರ್ ಕೆಲಸದವ್ರು. ಅಮ್ಮಿ ಬ್ಯಾಡ ಅಂತಾಳೆ. ನೀವಾದ್ರೂ ಹೂಂ ಅನ್ರಿ."

ಸಾಬರು ಅವಳ ತಲೆ ನೇವರಿಸಿದರು. "ಅವನೇ ಯಾಕಮ್ಮ?"

ಅವಳು ನಾಚಿ ತಲೆ ತಗ್ಗಿಸಿದಳು. "ನಂಗೆ ಅವ್ರೇ ಬೇಕು."

"ಆಗ್ಲಿ ಮಗಳೇ. ಅವನಿಗೇ ಕೊಡ್ತೀನಿ."

ಅವಳು ನೆಮ್ಮದಿಯಿಂದ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅವಳಿಗೆ ಎಚ್ಚರವಾಗದಂತೆ ಸಾಬರು ಬಾಯಿಗೆ ಟವೆಲ್ಲು ಒತ್ತಿಕೊಂಡು ಬಿಕ್ಕಿದರು.