ಮಾವನವರ ಹೊಟ್ಟೆ ಮತ್ತು ರಾಜೇಶ್ವರದ ಎಮ್ಮೆ

ನಾನು ಹುಮನಾಬಾದಿನ ಹುಡುಗಿ. ಅರವತ್ತರ ದಶಕದ ನಡುವೆ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ನನ್ನ ತಾಯಿ ಸಮುದ್ರ ದಾಟಿಸುವವಳಂತೆ ಅತ್ತು ಕಳಿಸಿದಳು. ಗಂಡನ ಮನೆಯಲ್ಲಿ ಅತ್ತೆಗೆ ಹೆದರಬೇಕು, ನೆರೆಯವರ ಬಾಯಿಗೆ ಹೆದರಬೇಕು ಎಂದು ಎಲ್ಲರೂ ಹೇಳಿಕೊಟ್ಟಿದ್ದರು. ಮಾವನ ಹೊಟ್ಟೆಗೆ ಹೆದರಬೇಕು ಎಂದು ಯಾರೂ ಹೇಳಿರಲಿಲ್ಲ.

ಮಾವನವರು ನಿಜಾಮರ ಕಾಲದಿಂದ ಜಮೀನು ಅಳೆಯುವ ನೌಕರಿ ಮಾಡಿ ನಿವೃತ್ತರಾದವರು. ಉರ್ದು ಓದುತ್ತಿದ್ದರು, ಮರಾಠಿ ಮಾತಾಡುತ್ತಿದ್ದರು, ಕನ್ನಡದಲ್ಲಿ ಸಿಟ್ಟಾಗುತ್ತಿದ್ದರು. ತಾಲೂಕಿನ ಎಷ್ಟೋ ಹೊಲಗಳ ಗಡಿ ಅವರಿಗೆ ಬಾಯಿಪಾಠವಿತ್ತು. ತಮ್ಮ ಹೊಟ್ಟೆಯೊಳಗಿನ ವಾಯು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಪತ್ತೆ ಹತ್ತಿರಲಿಲ್ಲ. ದಿನಾ ಮುಂಜಾನೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅದರ ವರದಿ ಕೊಡುತ್ತಿದ್ದರು. ರೇಡಿಯೋ ಇದ್ದ ಮನೆಯವರು ರೇಡಿಯೋ ಕೇಳುತ್ತಿದ್ದರು, ನಾವು ಇದನ್ನು ಕೇಳುತ್ತಿದ್ದೆವು.

“ಇವತ್ತ ಬಲಗಡೆ ಹಿಡ್ದದ. ನಿನ್ನಿ ಎಡಗಡೆ ಇತ್ತು.”

ಮನೆ ಸೇರಿದ ನಾಲ್ಕನೆಯ ದಿನ ನನ್ನನ್ನು ಕರೆದು, ಎರಡು ಬೆರಳಿನಿಂದ ಹೊಟ್ಟೆ ಬಡಿದು ತೋರಿಸಿದರು. ಒಣ ಸೋರೆಕಾಯಿ ಬಡಿದಂಥ ಶಬ್ದ ಬಂತು.

“ಕೇಳಸ್ತೇನವ್ವಾ?”

“ಕೇಳಸ್ತರಿ ಮಾವಾರ.”

“ಇದು ಬೊಜ್ಜಲ್ಲ. ಬರೇ ಗಾಳಿ.”

ಬೊಜ್ಜು ಅಂದವರ ಮೇಲೆ ಅವರಿಗೆ ಬಹಳ ಸಿಟ್ಟಿತ್ತು. ಇಷ್ಟು ಗಾಳಿ ಇರುವ ಮನೆಯಲ್ಲಿ ಬೇಸಿಗೆಗೆ ಬೀಸಣಿಕೆ ಯಾಕೆ ಬೇಕು ಎಂದು ನನಗೆ ಅನ್ನಿಸಿತು. ಹೊಸ ಸೊಸೆಯಾದ್ದರಿಂದ ನೆಲ ನೋಡುತ್ತ ನಿಂತೆ.

ನನ್ನ ಗಂಡ ನಾರಾಯಣಪುರದ ಸಾಲಿಯಲ್ಲಿ ಮಾಸ್ತರ. ತಂದೆಯ ವರದಿ ಶುರುವಾಗುವ ಮೊದಲೇ ಸೈಕಲ್ ಹತ್ತಿ ಹೋಗಿಬಿಡುತ್ತಿದ್ದರು. ಅವರ ಸಮಯಪಾಲನೆಯನ್ನು ಊರೇ ಹೊಗಳುತ್ತಿತ್ತು. ಅದರ ಕಾರಣ ನನಗೆ ಒಂದು ವಾರದಲ್ಲಿ ತಿಳಿಯಿತು.

ಉಳಿದವರು ನಾನು ಮತ್ತು ಅತ್ತೆ. ಅಡಿಗೆಮನೆಯಲ್ಲಿ ಏನು ಬೇಯಬೇಕು ಎನ್ನುವುದನ್ನು ಆ ಹೊಟ್ಟೆ ನಿರ್ಧರಿಸುತ್ತಿತ್ತು. ಮೊದಲು ಬಟಾಟಿಯನ್ನು ಮನೆಯಿಂದ ಹೊರಗೆ ಹಾಕಲಾಯಿತು. ಹೊಟ್ಟೆ ಇಳಿಯಲಿಲ್ಲ. ಆಮೇಲೆ ಕಡಲೆಬೇಳೆ, ಅಲಸಂದಿ, ಕೋಬಿ ಒಂದೊಂದಾಗಿ ಹೋದವು. ತೊಗರಿಬೇಳೆ ಕೂಡ ಎರಡು ತಿಂಗಳು ನಮ್ಮ ಹೊಸ್ತಿಲು ತುಳಿಯಲಿಲ್ಲ. ತೊಗರಿಯ ಸೀಮೆಯಲ್ಲಿದ್ದುಕೊಂಡು ತೊಗರಿಬೇಳೆ ಇಲ್ಲದೆ ಉಂಡ ಮನೆ ನಮ್ಮದೊಂದೇ ಇರಬೇಕು. ಹೊಟ್ಟೆ ಮಾತ್ರ ಮೊದಲಿನ ಹಾಗೇ ಬಿಗಿಯಾಗಿ, ನಡುಮಧ್ಯಾಹ್ನ ಗುಡುಗುತ್ತ ಇತ್ತು. ಪಾಪ, ಕಾಳುಗಳೆಲ್ಲ ಮುಗಿದ ಮೇಲೆ ತಪ್ಪು ಹೊರಲು ಯಾರೋ ಒಬ್ಬರು ಬೇಕಾಗಿತ್ತು.

ಒಂದು ದಿನ ಮಾವನವರು ಊಟದ ನಡುವೆ ರೊಟ್ಟಿ ಮುರಿದು ಬೆಳಕಿಗೆ ಹಿಡಿದು ನೋಡಿದರು.

“ಹುಮನಾಬಾದ ಕೈ ಸ್ವಲ್ಪ ವಾಯು ಅದ,” ಎಂದರು. ಬೈಯುವ ದನಿಯಲ್ಲಲ್ಲ, ಜಮೀನಿನ ಗುಣ ಹೇಳುವ ದನಿಯಲ್ಲಿ.

ನಾನು ಹಿತ್ತಲಿಗೆ ಹೋಗಿ ಅಳುತ್ತ ಕೂತೆ. ಜೋಳದ ರೊಟ್ಟಿ ಬಡಿಯುವುದರಲ್ಲಿ ನನ್ನ ಓಣಿಗೆಲ್ಲ ಹೆಸರಾದವಳು ನಾನು. ಬೇಯುವಾಗ ರೊಟ್ಟಿ ಉಬ್ಬಿದರೆ ಚಲೋ ಎನ್ನುತ್ತಾರೆ, ಅದೇ ರೊಟ್ಟಿ ತಿಂದ ಹೊಟ್ಟೆ ಉಬ್ಬಿದರೆ ನನ್ನ ತಪ್ಪು. ಅತ್ತೆ ಹಿಂದೆ ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಮಾಡುತ್ತಾರೆ ಅಂದುಕೊಂಡೆ.

“ಮೂವತ್ತ ವರ್ಷ ನನ್ನ ಕೈಯಾಗ ವಾಯು ಇತ್ತು,” ಎಂದರು ಅವರು. “ಈಗ ನಿನ್ನ ಕೈಗಿ ಬಂತು. ಖರೇ ಹೇಳ್ತೀನಿ, ನನಗ ಹಗುರ ಆಗ್ಯಾದ.”

ಅಳುತ್ತಿದ್ದವಳಿಗೆ ನಗು ಬಂತು. ಅವರೂ ನಕ್ಕರು. ನಾವಿಬ್ಬರೂ ಒಂದೇ ಕಡೆಯವರು ಎಂದು ನನಗೆ ತಿಳಿದದ್ದು ಆವತ್ತು.

ಕಾರಣಗಳಿಗಿಂತ ಔಷಧಗಳು ಹೆಚ್ಚು. ಇಂಗು ಅರೆದು ಹೊಕ್ಕಳಿಗೆ ಹಚ್ಚಿದೆವು. ಅಜವಾನ, ಕಪ್ಪುಪ್ಪು ಕುಟ್ಟಿ ಡಬ್ಬಿ ತುಂಬಿದೆವು. ಅದರಿಂದ ಅರ್ಧ ತಾಸು ನೆಮ್ಮದಿ ಸಿಗುತ್ತಿತ್ತು, ಇಲ್ಲವೆನ್ನಲಾರೆ. ಊಟವಾದ ಮೇಲೆ ನೂರು ಹೆಜ್ಜೆ ನಡೆಯಬೇಕೆಂದು ಯಾರೋ ಹೇಳಿದರು. ಜಮೀನು ಅಳೆದ ಕಾಲುಗಳು, ಅಂಗಳದಲ್ಲಿ ಹೆಜ್ಜೆ ಎಣಿಸುತ್ತ ಹೋದವು. ನಲವತ್ತಕ್ಕೆ ದಣಿದು ಉಳಿದ ಅರವತ್ತನ್ನು ಕೂತಲ್ಲೇ ಎಣಿಸಿ ಮುಗಿಸುತ್ತಿದ್ದರು. ಗಾಳಿಯನ್ನು ಹೊರಹಾಕಲು ದಿನಕ್ಕೆ ಎರಡು ಗೋಲಿ ಸೋಡಾ ಕುಡಿಯುತ್ತಿದ್ದರು. ಅದರ ನಂತರ ಬರುವ ತೇಗನ್ನು ಒಳಗಿನ ವಾಯು ಹೊರಟುಹೋದ ಸಾಕ್ಷಿಯೆಂದು ತಿಳಿದು ಸಂತೋಷಪಡುತ್ತಿದ್ದರು. ಈಗಷ್ಟೇ ಕುಡಿದದ್ದೇ ವಾಪಸು ಬಂತೇನೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಎಲ್ಲಕ್ಕಿಂತ ನಂಬಿಕೆ ಹಕೀಮ ಸಾಹೇಬರ ಮೇಲೆ. ಮಾವನವರ ಹಳೆಯ ಗೆಳೆಯರು. ಇಬ್ಬರೂ ಉರ್ದುವಿನಲ್ಲಿ ಒಂದು ತಾಸು ಹಳೆಯ ಕಾಲ ನೆನೆದು, ಕೊನೆಯ ಎರಡು ನಿಮಿಷ ಹೊಟ್ಟೆಗೆ ಕೊಡುತ್ತಿದ್ದರು. ಹಕೀಮರು ಒಂದು ಕಂದು ಪುಡಿ ಕೊಟ್ಟು ನನ್ನ ಕಡೆ ತಿರುಗಿ ಹೇಳಿದರು: “ದಿನಾ ಎರಡ ಸಲ ಕೊಡವ್ವಾ. ಗರಂ ಹಾಲಿನ ಜೋಡಿ. ಹಾಲು ಭರಪೂರ ಇರಬೇಕು.”

ಹಾಲಿಗೇನು ಕೊರತೆ. ನಮ್ಮ ಹಿತ್ತಲಲ್ಲಿ ಹತ್ತಿರದ ರಾಜೇಶ್ವರ ಎಂಬ ಊರಿನಿಂದ ಮಾವನವರೇ ಆರಿಸಿ ತಂದ ಎಮ್ಮೆ ಇತ್ತು. ನಾನು ಬಂದ ಮನೆತನದ ಬಗ್ಗೆ ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆ ಅದರ ವಂಶದ ಬಗ್ಗೆ ಕೇಳಿ ತಂದಿದ್ದರಂತೆ. ಮುಂಜಾನೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ಹಾಲು ಅವರ ಮೊದಲಿನ ರೂಢಿ. ಹಕೀಮರ ಪುಡಿಗಾಗಿ ಇನ್ನೆರಡು ಸೇರಿದವು. ಬೇಳೆ ಬಿಟ್ಟರು, ಬಟಾಟಿ ಬಿಟ್ಟರು, ಹಾಲು ಬಿಡುವ ಮಾತು ಯಾರ ತಲೆಗೂ ಬರಲಿಲ್ಲ. ಹಾಲೆಂದರೆ ಬರೀ ತಿನಿಸು ಅಲ್ಲ, ದೇವರ ಕೋಣೆಯ ಪದಾರ್ಥ.

ಹಾಗೆ ಎರಡು ವರ್ಷ ಹೋದವು. ಶ್ರಾವಣದ ಕೊನೆಯ ಸೋಮವಾರ ಮಾವನವರು ಉಪವಾಸ ಹಿಡಿದಿದ್ದರು. ಮಧ್ಯಾಹ್ನ ಪಡಸಾಲೆಯಿಂದ ಕೂಗಿದರು. ಹೋಗಿ ನೋಡಿದರೆ ಹಣೆ ಬೆವರಿತ್ತು, ಕೈ ಎದೆಯ ಮೇಲಿತ್ತು.

“ಇಲ್ಲಿ ಒತ್ತಾಕತ್ತದ,” ಎಂದರು. “ಇದು ಹೊಟ್ಟಿ ಅಲ್ಲ. ಎದಿ.”

ಅಷ್ಟು ವರ್ಷ ಹೊಟ್ಟೆಯ ಬಗ್ಗೆ ಅವರು ಹೇಳಿದ್ದೆಲ್ಲ ಕೇಳಿ ಒಳಗೊಳಗೆ ನಗುತ್ತಿದ್ದ ನಾನು ಆಗ ಗಂಡನನ್ನು ಕೂಗಿ ಕರೆದೆ. ಅತ್ತೆ ಸೆರಗಿನಿಂದ ಅವರ ಹಣೆ ಒರೆಸಿದರು. ಸಾಲಿಗೆ ರಜೆ ಇದ್ದದ್ದರಿಂದ ಗಂಡ ಮನೆಯಲ್ಲೇ ಇದ್ದರು. ಊರಲ್ಲಿ ಡಾಕ್ಟರರಿಲ್ಲವೆಂದಲ್ಲ, ಆದರೆ ಅವರೆಲ್ಲ ಈ ಮೊದಲು ಹೊಟ್ಟೆ ಮುಟ್ಟಿ “ಏನೂ ಇಲ್ಲ” ಎಂದು ಮಾವನವರಿಗೆ ಅವಮಾನ ಮಾಡಿದವರು. ಹುಮನಾಬಾದಿನಲ್ಲಿ ನನ್ನ ತಂದೆಗೆ ಪರಿಚಯದ ಡಾಕ್ಟರರೊಬ್ಬರು ಎದೆ ಚಲೋ ನೋಡುತ್ತಾರೆಂದು ಕೇಳಿದ್ದೆವು. ಅಲ್ಲಿಗೇ ಆಗಬೇಕೆಂದು ಮಾವನವರು ಹಟ ಹಿಡಿದರು. ನಾಲ್ಕೂ ಜನ ಬಸ್ ಹತ್ತಿದೆವು.

ದಾರಿಯಲ್ಲಿ ಅವರು ನನ್ನ ಗಂಡನಿಗೆ ಕೊನೆಯ ಮಾತುಗಳನ್ನು ಹೇಳತೊಡಗಿದರು. ಎಮ್ಮೆಯನ್ನು ಯಾರಿಗೂ ಕೊಡಬಾರದು ಎಂಬುದು ಮೊದಲನೆಯದು. ಎರಡನೆಯದಕ್ಕೆ ಬರುವಷ್ಟರಲ್ಲಿ ಬಸ್ಸು ಒಂದು ತಗ್ಗಿಗೆ ಇಳಿದು ಹಾರಿತು. ಆ ಹೊಡೆತಕ್ಕೆ ಮಾವನವರ ಒಳಗಿಂದ ಒಂದು ತೇಗು ಹೊರಟಿತು. ಅದರ ಬೆನ್ನಿಗೇ, ನಾನು ಇಲ್ಲಿ ವಿವರಿಸದ ಇನ್ನೊಂದು ಹೊರಟಿತು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯ ಹೊರಗಿನ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮಾವನವರ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಎರಡನೆಯ ಮಾತನ್ನು ಅವರು ಕೊನೆಗೂ ಹೇಳಲಿಲ್ಲ.

ಡಾಕ್ಟರರು ಇನ್ನೂ ಹುಡುಗರಂತಿದ್ದರು. ಎದೆಗೆ ಕೊಳವೆ ಹಚ್ಚಿ ಮುಂದೆ ಹಿಂದೆ ಕೇಳಿದರು, ಬಿ.ಪಿ. ನೋಡಿದರು, ಹೊಟ್ಟೆ ಒತ್ತಿದರು.

“ಎದಿ ಗಟ್ಟಿ ಅದರಿ. ಆದ್ರ ಬಂದದ್ದು ಚಲೋ ಮಾಡೀರಿ. ಎದಿ ನೋವಿಗೆ ಗ್ಯಾಸ್ ಅಂತ ಮನಿಯಾಗ ಕೂಡಬಾರದು,” ಎಂದರು. “ಇವತ್ತ ಏನ್ ಊಟ ಮಾಡೀರಿ?”

“ಏನೂ ಇಲ್ಲ. ಉಪವಾಸ,” ಎಂದರು ಮಾವನವರು.

“ನೀರೂ ಇಲ್ಲೇನು?”

“ಹಾಲು ಕುಡ್ದೀನಿ ಅಷ್ಟೆ.”

“ಎಷ್ಟು?”

ಮಾವನವರು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. ಡಾಕ್ಟರರು ನನ್ನ ಕಡೆ ನೋಡಿದರು. ಕೊಡುವವಳು ನಾನೇ ಎಂದು ಹೇಗೆ ತಿಳಿಯಿತೋ.

“ಮುಂಜಾನಿಂದ ನಾಕು ತಂಬಿಗಿರಿ,” ಎಂದೆ.

ಡಾಕ್ಟರರು ಪೆನ್ನು ಕೆಳಗಿಟ್ಟರು. ವಯಸ್ಸಾದಂತೆ ಕೆಲವರಿಗೆ ಹಾಲು ಅರಗುವುದಿಲ್ಲ, ಅರಗದ ಹಾಲು ಕರುಳಿನಲ್ಲಿ ಹುಳಿತು ಗಾಳಿಯಾಗುತ್ತದೆ ಎಂದು ಬಿಡಿಸಿ ಹೇಳಿದರು. ಎಂಟು ದಿನ ಹಾಲು ಪೂರಾ ಬಿಟ್ಟು ನೋಡಬೇಕು. ಮೊಸರು, ಮಜ್ಜಿಗೆ ನಡೆಯುತ್ತದೆ. ಸೋಡಾ ಬೇಡ, ಅವಸರದಲ್ಲಿ ನುಂಗುವುದು ಬೇಡ, ಗಾಳಿ ಆ ದಾರಿಯಿಂದಲೂ ಒಳಗೆ ಹೋಗುತ್ತದೆ. ಕಾಳನ್ನು ಹಿಂದಿನ ದಿನವೇ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಅದನ್ನೂ ತಿನ್ನಬಹುದು. ಇಷ್ಟೇ. ಒಂದು ಗುಳಿಗೆಯನ್ನೂ ಬರೆಯಲಿಲ್ಲ. ಮಾವನವರ ಗೌರವಕ್ಕೆ ಆ ಡಾಕ್ಟರರು ಧಕ್ಕೆ ತಂದದ್ದು ಅಲ್ಲೇ.

“ಮೀಸಿ ಸುದ್ದ ಮೂಡಿಲ್ಲ,” ಎಂದರು ತಿರುಗಿ ಬರುವಾಗ. “ನನ್ನ ಎಮ್ಮಿ ಮ್ಯಾಲ ತಪ್ಪು ಹೊರಸ್ತಾನ.”

ಆ ಸಂಜೆ ಉಪವಾಸ ಬಿಟ್ಟದ್ದೇ ಒಂದು ತಂಬಿಗೆ ಹಾಲಿನಿಂದ.

ಡಾಕ್ಟರರ ಮಾತನ್ನು ಕೇಳಿದ್ದು ಎಮ್ಮೆ ಒಂದೇ. ದಸರೆಯ ಹೊತ್ತಿಗೆ ಗಬ್ಬವಾಗಿದ್ದ ಅದು ಹಾಲು ಬತ್ತಿಸಿತು. ಪೇಟೆಯ ಹಾಲನ್ನು ಮಾವನವರು ಮುಟ್ಟುತ್ತಿರಲಿಲ್ಲ, ಅದು ನೀರು ಎನ್ನುತ್ತಿದ್ದರು. ಹಕೀಮರ ಪುಡಿಯನ್ನು ಬಿಸಿನೀರಿನಲ್ಲಿ ನುಂಗತೊಡಗಿದರು. ಐದನೆಯ ದಿನ ಮುಂಜಾನೆ ಪಡಸಾಲೆಯಲ್ಲಿ ವರದಿ ಇರಲಿಲ್ಲ. ಆರನೆಯ ದಿನವೂ ಇಲ್ಲ. ಎಂಟನೆಯ ದಿನ ಅವರೇ ಹೊಟ್ಟೆ ಬಡಿದು ನೋಡಿಕೊಂಡು, ಏನೋ ಕಳೆದುಕೊಂಡವರಂತೆ ಕೂತರು. ಮಾತಾಡಲು ಬೇರೆ ವಿಷಯವೇ ಇರಲಿಲ್ಲ, ಪಾಪ.

ಗೆದ್ದವರು ಯಾರು? ಹಕೀಮ ಸಾಹೇಬರು. ಮಾವನವರು ಅವರನ್ನು ಮನೆಗೆ ಕರೆದು ಶಾಲು ಹೊದಿಸಿದರು. “ನನ್ನ ದವಾ ನಿಧಾನ, ಆದ್ರ ಬೇರು ಸಮೇತ ಕೀಳ್ತದ,” ಎಂದು ಹಕೀಮರು ವಿನಯದಿಂದ ಒಪ್ಪಿಕೊಂಡರು. ನಾನು ಚಹಾ ಕೊಟ್ಟು ಒಳಗೆ ಬಂದೆ.

ಎರಡು ತಿಂಗಳಿಗೆ ಎಮ್ಮೆ ಕರು ಹಾಕಿತು. ಮನೆ ತುಂಬ ಗಿಣ್ಣದ ವಾಸನೆ. ಮಾವನವರು ಮೂರು ಬಟ್ಟಲು ತಿಂದರು, ಮುಂದಿನ ವಾರದಿಂದ ತಂಬಿಗೆಗಳು ಮತ್ತೆ ಶುರುವಾದವು. ಹೊಟ್ಟೆ ಮೊದಲಿನಂತೆ ಗುಡುಗಿತು. “ಈ ಸಲದ ಪುಡಿ ಹಳೇದದ,” ಎಂದರು. ಅದಾದ ಮೇಲೆ ನನ್ನ ರೊಟ್ಟಿಯನ್ನು ಮತ್ತೆ ಬೆಳಕಿಗೆ ಹಿಡಿದರು.

ಅವತ್ತು ನಾನು ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಹಾಲು ಇದ್ದಾಗ ಹೇಗಿತ್ತು, ಇಲ್ಲದಾಗ ಹೇಗಿತ್ತು, ಈಗ ಹೇಗಿದೆ. ಅತ್ತೆ ಜೋಳ ಹಸನು ಮಾಡುತ್ತಿದ್ದರು. ಕೈ ನಿಂತಿತು.

“ಅಂದ್ರ ಆ ಮೂವತ್ತ ವರ್ಷ ನಂದೇನೂ ಇರಲಿಲ್ಲ,” ಎಂದರು.

ಅವರ ದನಿ ಕೇಳಿ ನನಗೆ ತಮಾಷೆ ಮಾಡಲಾಗಲಿಲ್ಲ. ಒಬ್ಬ ಗಂಡಸಿನ ತೇಗಿಗೆ ಒಬ್ಬ ಹೆಂಗಸು ಮೂವತ್ತು ವರ್ಷ ತಲೆ ತಗ್ಗಿಸಿ ಬಡಿಸಿದ್ದಳು. ಅತ್ತೆ ಎದ್ದು, ಕಾಸಿಟ್ಟ ಹಾಲಿನ ಪಾತ್ರೆಗೆ ಒಂದು ಚಮಚ ಮೊಸರು ಹಾಕಿ ಮುಚ್ಚಿದರು. ಎಲ್ಲ ಹಾಲಿಗೂ.

“ಎಮ್ಮಿ ಈ ಸಲ ಕಮ್ಮಿ ಕೊಡಾಕತ್ತದ್ರಿ,” ಎಂದು ಸಂಜೆ ಹೋಗಿ ಹೇಳಿದರು. “ಕರು ಎಲ್ಲಾ ಕುಡೀತದ. ಇರೋದಿಷ್ಟು ಹೆಪ್ಪು ಹಾಕೀನಿ.”

ಮಾವನವರು ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ನಿಂತು ಅದರ ವಂಶವನ್ನೆಲ್ಲ ಬೈದರು. ತಪ್ಪಿಲ್ಲದೆ ಬೈಸಿಕೊಳ್ಳುವ ಸರದಿ ಈಗ ಅದರದ್ದು. ಅದು ನಮ್ಮ ಹಾಗೆ ಅಳಲಿಲ್ಲ, ಮೆಲುಕು ಹಾಕುತ್ತ ನಿಂತಿತ್ತು. ಊಟಕ್ಕೆ ಮೊಸರು, ಮಧ್ಯಾಹ್ನಕ್ಕೆ ಜೀರಿಗೆ ಹಾಕಿದ ಮಜ್ಜಿಗೆ. ಹತ್ತು ದಿನದಲ್ಲಿ ಹೊಟ್ಟೆ ಇಳಿಯಿತು. ಚೆನ್ನಾಗಿ ನೆನೆಹಾಕಿದ ಕಾಳುಗಳನ್ನು ಒಂದೊಂದಾಗಿ ಮನೆಯೊಳಗೆ ಕರೆದುಕೊಂಡೆವು. ಎಳ್ಳಮವಾಸಿಗೆ ಹೊಲಕ್ಕೆ ಹೋದಾಗ ಎಲ್ಲ ಕಾಳು, ಸೊಪ್ಪು ಕೂಡಿಸಿ ಮಾಡಿದ ಭಜ್ಜಿಯನ್ನು ಮಾವನವರು ಅಂಬಲಿಯ ಜೊತೆ ಎರಡು ಸಲ ಹಾಕಿಸಿಕೊಂಡರು. ನನ್ನ ತಂದೆ ಬಂದಾಗ, “ನಿಮ್ಮ ಮಗಳ ಕೈ ಸುಧಾರಿಸ್ಯಾದ್ರಿ,” ಎಂದು ದೊಡ್ಡ ಮನಸ್ಸಿನಿಂದ ಹೇಳಿದರು. ಊರಲ್ಲಿ ಹೊಟ್ಟೆ ಉಬ್ಬಿದವರನ್ನೆಲ್ಲ ಹಿಡಿದು ಹಕೀಮರ ಹತ್ತಿರ ಕಳಿಸುತ್ತಿದ್ದರು.

ಹಾಗೆ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಎಂಬತ್ತರ ದಶಕ ಶುರುವಾಗಿತ್ತು, ಮಾವನವರಿಗೆ ಕೋಲು ಬಂದಿತ್ತು. ಒಂದು ಮುಂಜಾನೆ ಅವರು ನೀರು ಕೇಳಲು ಎಂದೂ ಇಲ್ಲದ ಹಾಗೆ ತಾವೇ ಅಡಿಗೆಮನೆಯ ಬಾಗಿಲಿಗೆ ಬಂದರು. ಅಂಚಿನವರೆಗೆ ಹಾಲು ತುಂಬಿದ ಪಾತ್ರೆಯ ಮುಂದೆ ಅತ್ತೆ ಮೊಸರಿನ ಚಮಚ ಎತ್ತಿ ಕೂತಿದ್ದರು. ನಾನು ಒಲೆಯ ಹತ್ತಿರ ನಿಂತಿದ್ದೆ. ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಮಾವನವರು ಪಾತ್ರೆ ನೋಡಿದರು. ಅತ್ತೆಯನ್ನು ನೋಡಿದರು. ಹೊಲದ ಗಡಿ ಕಲ್ಲನ್ನು ಯಾರೋ ಸರಿಸಿದ್ದು ಕಂಡುಹಿಡಿದ ಮುಖ ಅದು.

“ನಿನ್ನಿ ಮೊಸರು ಸ್ವಲ್ಪ ಹುಳಿ ಆಗಿತ್ತು,” ಎಂದರು. “ಹೆಪ್ಪು ಕಮ್ಮಿ ಹಾಕು.”

ನೀರು ಇಸಿದುಕೊಂಡು ಕುಡಿದು, ಕೋಲೂರುತ್ತ ಪಡಸಾಲೆಗೆ ಹೋದರು. ಅತ್ತೆ ಅರ್ಧ ಚಮಚ ಹಾಕಿ ಪಾತ್ರೆ ಮುಚ್ಚಿದರು.