ಹೂಲಿಯ ನೀಲವ್ವ ಮತ್ತು ಆರು ಇಲಿಗಳು

ನೀಲವ್ವನ ನಾಲಿಗೆ ಹಸಿರಾಗಿತ್ತು. ಅವಳ ಓರಗೆಯ ಹೆಂಗಸರ ನಾಲಿಗೆ ಎಲೆ ಅಡಿಕೆ ಜಗಿದು ಕೆಂಪಾಗಿದ್ದರೆ, ಇವಳದು ವರ್ಷದಲ್ಲಿ ಎಂಟು ತಿಂಗಳು ಸೊಪ್ಪಿನ ಬಣ್ಣದಲ್ಲೇ ಇರುತ್ತಿತ್ತು. ಯಾರಿಗೇ ಔಷಧ ಕೊಡಲಿ, ಮೊದಲು ಒಂದೆಲೆ ಹರಿದು ತನ್ನ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಆಮೇಲೆ ಎದುರಿಗಿದ್ದವರ ಕೈಗೆ ಇಡುತ್ತಿದ್ದಳು. ಯಾಕೆಂದು ಕೇಳಿದವರಿಗೆ ಒಂದೇ ಉತ್ತರ: "ನಾ ತಿಂದ ಸತ್ರ ನೀ ತಿನಬ್ಯಾಡ."

ಔಷಧ ಯಾವುದೇ ಇರಲಿ, ಮೊದಲು ನೋಡಬೇಕಾದದ್ದು ಅದರಿಂದ ಹಾನಿ ಇದೆಯೋ ಇಲ್ಲವೋ ಎಂಬುದನ್ನು. ಇದನ್ನು ನಮ್ಮ ಪ್ರೊಫೆಸರು ಎರಡು ತಾಸು ಪಾಠ ಮಾಡಿ ತಿಳಿಸಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬೈಲಹೊಂಗಲದವಳು. ಬೆಳಗಾವಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದೆ. ಆ ವರ್ಷ ಅವ್ವನ ಎರಡೂ ಮೊಣಕಾಲು ಬಾತು ಕುಂಬಳಕಾಯಿಯಂತಾಗಿದ್ದವು. ನೋವಿನ ಗುಳಿಗೆ ನುಂಗಿದರೆ ಹೊಟ್ಟೆ ಉರಿಯುತ್ತಿತ್ತು. ಸವದತ್ತಿಯ ಕಡೆಯ ನೆಂಟರೊಬ್ಬರು ಅವಳನ್ನು ಹೂಲಿಗೆ ಕರೆದೊಯ್ದರು. ನೀಲವ್ವ ಲಕ್ಕಿ ಗಿಡದ ಎಲೆಯ ಕಷಾಯ ಕುಡಿಸಿ, ಅದೇ ಎಲೆಯ ಶಾಖ ಕೊಟ್ಟಳಂತೆ. ತಿಂಗಳೊಪ್ಪತ್ತಿನಲ್ಲಿ ಅವ್ವ ನೆಲಕ್ಕೆ ಕುಳಿತು ರೊಟ್ಟಿ ಬಡಿಯತೊಡಗಿದಳು. ನಾನು ಕುಣಿಯುತ್ತ ಹೋಗಿ, ಸಂಶೋಧನೆಗೆ ಲಕ್ಕಿಯೇ ಬೇಕೆಂದು ಪ್ರೊಫೆಸರಿಗೆ ಹೇಳಿದೆ. "ನಿಮ್ಮ ತಾಯಿಯ ಎರಡು ಮೊಣಕಾಲು ಪುರಾವೆ ಆಗೋದಿಲ್ಲ. ಆದರೂ ನೋಡು" ಎಂದರು ಅವರು.

ಹಾಗೆ ನಾನು ಹೂಲಿಯ ಬಸ್ಸು ಹತ್ತಿದೆ. ನೀಲವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಸಣ್ಣ ಆಳು, ದೊಡ್ಡ ಕುಂಕುಮ. ನಾನು ಬಂದ ಕಾರಣ ಕೇಳಿದವಳೇ ಎದ್ದು ಒಳಗೆ ಹೋಗಿ ಮೂರು ಹಿಡಿ ಒಣ ಎಲೆ ತಂದು ಮೊರದಲ್ಲಿ ಸುರಿದಳು.

"ಯಾವ್ಯಾವ ಅಂತ ಹೇಳು, ತಂಗಿ."

ನನ್ನ ಬಳಿ ಪುಸ್ತಕವಿತ್ತು, ಭೂತಗನ್ನಡಿಯಿತ್ತು. ಬಹಳ ಹೊತ್ತು ನೋಡಿ ಮೊದಲೆರಡಕ್ಕೆ ಲ್ಯಾಟಿನ್ ಹೆಸರು ಹೇಳಿದೆ.

"ಭಾಳ ದೊಡ್ಡ ಹೆಸರ ಅದಾವಲ್ಲ! ಕರದ್ರ ತಿರಗಿ ನೋಡತಾವೇನು?"

ಮೂರನೆಯದು ಬಗೆಹರಿಯಲಿಲ್ಲ. ಎಲೆ ಹಿಡಿದು ತಿರುಗಿಸಿದೆ, ಮೂಸಿದೆ, ಕೊನೆಗೆ ಇದೊಂದು ಅಪರೂಪದ ಸಸ್ಯವಿರಬೇಕು ಎಂದೆ. ನೀಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಒಣ ಕಡ್ಲಿ ಪಲ್ಲೆ ಅದ, ಯವ್ವಾ! ನಿನಗ ಊಟಕ್ಕ ಮಾಡೂಣು ಅಂತ ತಗದಿಟ್ಟಿದ್ದೆ."

ಹುಟ್ಟಿದಾಗಿನಿಂದ ಪ್ರತಿ ಚಳಿಗಾಲ ತಿಂದ ಕಡಲೆ ಸೊಪ್ಪಿನ ಪಲ್ಯ! ಆ ದಿನ ಅದನ್ನೇ ತಲೆ ತಗ್ಗಿಸಿಕೊಂಡು ಉಂಡೆ.

ಮೊದಲ ಪ್ರಯೋಗ ಮಣ್ಣುಪಾಲಾಯಿತು. ಇಲಿಯ ಅಂಗಾಲಿಗೆ ಬಾವು ಬರುವ ಇಂಜೆಕ್ಷನ್ ಕೊಟ್ಟು, ಲಕ್ಕಿಯ ಸಾರ ಕುಡಿದ ಇಲಿಗೂ ಕುಡಿಯದ ಇಲಿಗೂ ಬಾವಿನಲ್ಲಿ ಎಷ್ಟು ಅಂತರವಿದೆ ಎಂದು ತಾಸಿಗೊಮ್ಮೆ ಅಳೆಯುವುದು ನಮ್ಮ ಪದ್ಧತಿ. ಅಂತರವೇ ಕಾಣಲಿಲ್ಲ. ಪ್ರೊಫೆಸರು ಬೇರೆ ಗಿಡ ಹುಡುಕು ಎಂದರು. ಒಂದು ವರ್ಷ ಹಾಳಾದಂತೆಯೇ. ನೀಲವ್ವನಿಗೆ ಇದನ್ನು ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಅಳುಕುತ್ತ ಹೋದೆ. ಅವಳು ಸಿಟ್ಟಾಗಲಿಲ್ಲ. ಪೊಲೀಸರಂತೆ ಒಂದೊಂದೇ ಕೇಳಿದಳು.

"ಯಾವಾಗ ಹರದಿದ್ದಿ?"

"ಬ್ಯಾಸಗ್ಯಾಗರೀ."

"ಎಲ್ಲಿ ಒಣಗಿಸಿದಿ?"

"ಮಾಳಗಿ ಮ್ಯಾಲರೀ. ಬಿಸಲಾಗ. ನಾಕ ದಿನ."

ನೀಲವ್ವ ಹಣೆ ಬಡಿದುಕೊಂಡಳು. "ಬಿಸಲಾಗ ಹಾಕಿದ್ರ ಅದರ ವಾಸನಿ ಹಾರಿ ಹೋಗತೈತಿ. ವಾಸನಿ ಹೋದಮ್ಯಾಲ ಉಳದದ್ದು ಕಸ. ಕಸಾ ಕುಡಿಸಿದ್ರ ಇಲಿ ಕಾಲ ಇಳೀತಾವೇನು? ಮಳಿ ಮುಗದ ಮ್ಯಾಲ ಹರೀಬೇಕು, ನೆಳ್ಳಾಗ ಒಣಗಿಸಬೇಕು."

"ಮೊದಲ ಯಾಕ ಹೇಳಲಿಲ್ಲ, ಆಯಿ?"

"ನೀ ಕೇಳಲಿಲ್ಲ. ಅಷ್ಟ ದಪ್ಪ ಪುಸ್ತಕ ತಂದಿದ್ದಿ, ಅದರಾಗ ಇರತೈತಿ ಅನಕೊಂಡೆ."

ದಸರಾ ಹೊತ್ತಿಗೆ ಇಬ್ಬರೂ ಮುನವಳ್ಳಿಯ ಕಡೆಗೆ ಹೋಗಿ, ಹೊಳೆದಂಡೆಯ ಲಕ್ಕಿಯನ್ನು ಎರಡು ಚೀಲ ತುಂಬಿದೆವು. ಅವಳ ಪಡಸಾಲೆಯಲ್ಲೇ ನೆರಳಿಗೆ ಹರವಿದೆವು. ಈ ಸಲ ಇಲಿಗಳ ಬಾವು ಕಡಿಮೆಯಾಯಿತು. ಮತ್ತೆ ಮಾಡಿದೆ, ಆಗಲೂ ಕಡಿಮೆಯಾಯಿತು. ನಾನು ಹೂಲಿಗೆ ಓಡಿ ಸುದ್ದಿ ಮುಟ್ಟಿಸಿದರೆ, ನೀಲವ್ವನಿಗೆ ಇಲಿಗಳನ್ನು ನೋಡುವ ಹಟ ಹಿಡಿಯಿತು.

ಇಳಕಲ್ ಸೀರೆ ಉಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಅವಳು ಬೆಳಗಾವಿಯ ನಮ್ಮ ಪ್ರಯೋಗಾಲಯಕ್ಕೆ ಬಂದೇಬಿಟ್ಟಳು. ಪಂಜರದಲ್ಲಿ ಆರು ಬಿಳಿ ಇಲಿ. ಬಾವು ಬರಿಸಿದವರು ನಾವೇ ಎಂದು ಗೊತ್ತಾದಾಗ ಪ್ರೊಫೆಸರಿಗೆ ನೇರವಾಗಿ ಕೇಳಿದಳು: "ಸಾಹೇಬ್ರ, ನೀವ ಬಾವ ಬರಸೂದು, ನೀವ ಇಳಸೂದು. ಇದಕ್ಕಿಂತ ನಮ್ಮೂರಿಗಿ ಬರ್ರಿ, ಬಾತ ಕಾಲ ಬೇಕಾದಷ್ಟ ಅದಾವು."

ಪ್ರೊಫೆಸರು ನಗುವವರಲ್ಲ. ಅಂದು ನಕ್ಕರು. ಬಳಿಕ ಅವಳನ್ನು ಪರೀಕ್ಷಿಸುವ ಮನಸ್ಸಾಯಿತೇನೋ, ಇಲಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಡಿಸಿದರು. "ಯಾವುದಕ್ಕ ಔಷಧ ಕುಡಿಸೇವಿ, ಯಾವುದಕ್ಕ ಇಲ್ಲ, ಹೇಳ್ರಿ ನೋಡೋಣ."

ನೀಲವ್ವ ಸೆರಗು ಸಿಕ್ಕಿಸಿ ಬಗ್ಗಿದಳು. ಬಾವನ್ನು ನೋಡಲಿಲ್ಲ, ನಡಿಗೆಯನ್ನು ನೋಡಿದಳು. "ಇದು ಕುಡದೈತಿ." "ಇದಿಲ್ಲ, ಪಾಪ, ಕಾಲ ಎಳೀತೈತಿ." ಆರರಲ್ಲಿ ಐದು ಸರಿ. ಆರನೆಯದು ತಪ್ಪಿತು. ಪ್ರೊಫೆಸರು, "ಐದು ಸರಿ ಅಂದ್ರ ದೊಡ್ಡದು ಬಿಡ್ರಿ" ಎಂದು ಸಮಾಧಾನ ಹೇಳಹೋದರು.

"ತಪ್ಪಿದ್ದೂ ಬರಕೋರಿ ಸಾಹೇಬ್ರ" ಎಂದಳು ನೀಲವ್ವ. "ಬರೇ ಸರಿ ಆದದ್ದ ಬರದ್ರ ನಿಮ್ಮನ್ಯಾರು ನಂಬತಾರ?"

ಆ ಮಾತಿನ ತೂಕ ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ. ಆಗ ನಾನು ಪಾಠ ಹೇಳುವ ಕೆಲಸಕ್ಕೆ ಸೇರಿ ಪಿಎಚ್.ಡಿ. ಮಾಡುತ್ತಿದ್ದೆ. ಹೊಟ್ಟೆನೋವಿಗೆಂದು ನೀಲವ್ವ ಒಂದು ಬಳ್ಳಿಯ ಬೇರು ತೇಯ್ದು ಕೊಡುತ್ತಿದ್ದಳು. ಅವಳ ಅತ್ತೆಯಿಂದ ಬಂದ ಔಷಧವದು. ಊರೂರಿನಿಂದ ಜನ ಅದಕ್ಕೆಂದೇ ಬರುತ್ತಿದ್ದರು. "ಇದನ್ನೂ ನಿನ್ನ ಇಲಿಗೊಳಿಗಿ ಕೊಟ್ಟ ನೋಡು" ಎಂದು ತಾನೇ ಗಂಟು ಕಟ್ಟಿ ಕೊಟ್ಟಳು.

ನಾಲ್ಕು ವಾರ ಕುಡಿಸಿದ ಇಲಿಗಳ ಯಕೃತ್ತು ಕೆಟ್ಟಿತ್ತು. ಎರಡು ಸಲ ಮಾಡಿದರೂ ಅದೇ. ಫಲಿತಾಂಶದ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಹದಿನೈದು ದಿನ ತಿರುಗಾಡಿ, ಕಡೆಗೊಮ್ಮೆ ಹೂಲಿಗೆ ಹೋದೆ. ಅವಳು ಚಹಾ ಕೊಟ್ಟಳು. ನಾನು ಹಾಳೆ ತೆಗೆದು ಮುಂದಿಟ್ಟೆ. ಆಮೇಲೆ ಹೇಳಿದೆ.

ನೀಲವ್ವ ಬೆರಳು ಮಡಚಿ ಎಣಿಸಿದಳು. "ನೀ ನಾಕ ವಾರ ಕೊಟ್ಟಿ. ನಾ ಮೂರ ದಿನದ ಮ್ಯಾಲ ಕೊಡಂಗಿಲ್ಲ."

"ಖರೆ ಐತಿ, ಆಯಿ. ಮೂರ ದಿನಕ್ಕ ಏನೂ ಆಗದ ಇರಬಹುದು. ಆಗಲೂಬಹುದು. ಅದು ನನಗ ಗೊತ್ತಿಲ್ರಿ."

"ಗೊತ್ತಿಲ್ಲಂದ್ರ?"

"ಗೊತ್ತಿಲ್ಲಂದ್ರ ಗೊತ್ತಿಲ್ಲರಿ."

ಅವಳು ಅಂಗಳದಾಚೆಗೆ ಕೈ ತೋರಿಸಿದಳು. ನಂತರ ನಿಧಾನವಾಗಿ, ಹಿಂದಿನ ಓಣಿಯ ಹುಡುಗಿಯೊಬ್ಬಳಿಗೆ ಈ ಬೇರು ಕೊಟ್ಟ ಮೇಲೆ ಕಣ್ಣು ಹಳದಿಯಾಗಿದ್ದವೆಂದಳು. ಹುಡುಗಿ ಉಳಿದಿದ್ದಳು. ಕಾಮಾಲೆ ಬೇರೆ ಕಾರಣಕ್ಕೆ ಬಂದಿತ್ತೆಂದು ನೀಲವ್ವ ಆಗ ತಿಳಿದಿದ್ದಳು. "ಬ್ಯಾರೆನ ಇರಬಹುದು" ಎಂದೆ. "ಇರಬಹುದು" ಎಂದಳು. ಅವಳ ದನಿಯಲ್ಲಿ ಆಟ ಇರದಿದ್ದದ್ದು ನಾನು ಕಂಡಂತೆ ಅದೊಂದೇ ಸಲ.

ಚಪ್ಪಲಿ ಮೆಟ್ಟಿ ಹೊರಟಳು. ನಾನೂ ಬೆನ್ನುಹತ್ತಿದೆ. ಮನೆ ಮನೆಯ ಬಾಗಿಲಲ್ಲಿ ನಿಂತು, "ಆ ಬೇರ ಇದ್ರ ಒಗೀರಿ. ಹೊಟ್ಟಿ ನೋವ ಬಂದ್ರ ಸವದತ್ತಿ ದವಾಖಾನಿಗಿ ಹೋಗ್ರಿ" ಎನ್ನುತ್ತ ನಡೆದಳು. ಒಬ್ಬ ಗೌಡರು ಕಟ್ಟೆಯ ಮೇಲಿನಿಂದಲೇ ನಕ್ಕರು: "ನಲವತ್ತ ವರ್ಷ ಕೊಟ್ಟಿ, ಈಗ ವಿಷ ಆತೇನ, ನೀಲವ್ವಾ?"

"ನಲವತ್ತ ವರ್ಷ ಗೊತ್ತಿರಲಿಲ್ರಿ. ಇನ್ನ ಮ್ಯಾಲೂ ಕೊಟ್ರ ಅದು ಔಷಧಲ್ಲ, ನನ್ನ ಹಟ."

ಕೆಲವು ತಿಂಗಳು ಅವಳ ಕಟ್ಟೆ ಖಾಲಿಯಿತ್ತು. ಒಂದನ್ನು ಸುಳ್ಳೆಂದವಳು ಉಳಿದದ್ದನ್ನೂ ಯಾವಾಗ ಸುಳ್ಳೆನ್ನುವಳೋ ಎಂದು ಜನಕ್ಕೆ ಅನುಮಾನ. ನನಗೆ ಕುತ್ತಿಗೆಗೆ ಕಲ್ಲು ಕಟ್ಟಿದಂತಾಗಿತ್ತು. ಅವಳೇ ಸಮಾಧಾನ ಹೇಳಿದಳು: "ಛಲೋ ಆತ ಬಿಡು, ಹಗಲೊತ್ತು ನಿದ್ದಿ ಸಿಗಾಕ ಹತ್ತೇತಿ." ನಂತರ ಮೊಣಕಾಲಿನವರು ಒಬ್ಬೊಬ್ಬರಾಗಿ ಮರಳಿ ಬಂದರು. ಆ ಗೌಡರೂ ಬಂದರು.

ನನ್ನ ಪ್ರಬಂಧ ಅಚ್ಚಾಗಿ ಬಂದಾಗ ಒಯ್ದು ತೋರಿಸಿದೆ. ಅವಳ ಹೆಸರನ್ನು ಮೇಲೆ, ಲೇಖಕರಾದ ನಮ್ಮ ಸಾಲಿನಲ್ಲಿ ಹಾಕಬೇಕೆಂದು ನಾನು ಹಟ ಮಾಡಿದ್ದೆ. ನಡೆಯಲಿಲ್ಲ. ಕೊನೆಯ ಪುಟದ ಕೃತಜ್ಞತೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾಚಿಕೆಯಿಂದ ಬೆರಳಿಟ್ಟು ತೋರಿಸಿದೆ.

"ಕಟ್ಟಕಡೀಕ ಕುಂದ್ರಿಸೀರಿ?" ಎಂದು ಕಣ್ಣು ಕಿರಿದು ಮಾಡಿ ನೋಡಿದಳು. "ಇರಲಿ. ಪಂಕ್ತ್ಯಾಗ ಬಡಸಾವ್ರು ಕಟ್ಟಕಡೀಕ ಅಲ್ಲೇನು ಉಣ್ಣೂದು."

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಒಂದು ಶ್ರಾವಣದಲ್ಲಿ. ಸೊರಗಿದ್ದಳು, ಕೈಯಲ್ಲಿ ಕೋಲು ಬಂದಿತ್ತು. "ಒಂದ ತೋರಸೂದು ಉಳದೈತಿ, ಬಾ" ಎಂದು ಊರ ಹಿಂದಿನ ಗುಡ್ಡದ ಬುಡಕ್ಕೆ ಕರೆದೊಯ್ದಳು. ಹಳೆಯ ಗುಡಿಯೊಂದರ ಆಚೆ, ಬಂಡೆಯ ಸೀಳಿನಲ್ಲಿ, ಗೇಣುದ್ದದ ಒಂದು ಗಿಡ. ಕಡಲೆಕಾಳಿನಷ್ಟು ನೀಲಿ ಹೂವು. ನಾನು ಅಭ್ಯಾಸದಂತೆ ಬರೆದುಕೊಳ್ಳುವ ವಹಿ ತೆಗೆದೆ.

"ಇದು ಯಾತಕ್ಕ ಬರತೈತಿ, ಆಯಿ?"

"ಯಾತಕ್ಕೂ ಬರಂಗಿಲ್ಲ. ಎಲ್ಲಾ ಮಾಡಿ ನೋಡೇನಿ. ದನಾನೂ ಮುಟ್ಟಂಗಿಲ್ಲ." ಕೋಲೂರಿ ಬಂಡೆಯ ಮೇಲೆ ಕುಳಿತಳು. "ನೋಡಾಕ ಚಂದ ಐತಿ ಅಂತ ವರ್ಷಾ ಬರತೇನಿ. ಇದನ್ನ ಬರಕೋಬ್ಯಾಡ, ತಂಗಿ. ಇದೊಂದು ಇರಲಿ."

ವಹಿ ಮುಚ್ಚಿದೆ. ಇಬ್ಬರೂ ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕುಳಿತಿದ್ದೆವು.

ಮರುವರ್ಷದ ಮಳೆಗೆ ನೀಲವ್ವ ಇರಲಿಲ್ಲ. ನಾನೊಬ್ಬಳೇ ಹೋಗಿ ಆ ನೀಲಿ ಹೂವನ್ನು ನೋಡಿಕೊಂಡು ಬಂದೆ. ಆ ಗಿಡದ ಹೆಸರು ಈಗ ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ.