ಬುಟ್ಟಿ ಇಳಿಸುವ ಜಾಗ ಕೇಳಿದ ಸುಗಂಧಾ ಮೇಡಂ

ಸಕ್ಕರೆ ಕಾಯಿಲೆಯವರ ಹೃದಯಕ್ಕೆ ಬರಲಿರುವ ಅಪಾಯವನ್ನು ಮುಂಚಿತವಾಗಿ ಅಂದಾಜು ಮಾಡುವ ವಿದ್ಯೆಯಲ್ಲಿ ನಮ್ಮ ಕರಾವಳಿಯ ವೈದ್ಯರೆಲ್ಲರೂ ಡಾ. ಸುಗಂಧಾ ಶಾನಭಾಗರ ಮುಂದೆ ಇಂದಿಗೂ ವಿದ್ಯಾರ್ಥಿಗಳೇ. ಅಂಕೋಲೆಯ ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ದುಡಿದ ನಾನಂತೂ ಕೊನೆಯ ಬೆಂಚಿನವಳು.

ಸೇವೆಯ ಆರಂಭದಲ್ಲಿ ಮೇಡಂ ಕದ್ರಾದಲ್ಲಿದ್ದಾಗ, ಅಲ್ಲಿನ ವಿದ್ಯುದಾಗಾರದ ನೌಕರರೊಬ್ಬರು ಎದೆನೋವಿನ ಸುಳಿವೇ ಇಲ್ಲದೆ ಹೃದಯಾಘಾತದಿಂದ ತೀರಿಕೊಂಡರಂತೆ. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಮಂಕುಗೊಳಿಸಿ ನೋವನ್ನೇ ಮುಚ್ಚಿಡಬಲ್ಲದು. ಅವರು ಕೆಲವು ತಿಂಗಳಿಂದ ಮೆಟ್ಟಿಲ ನಡುವೆ ನಿಂತು ದಣಿವಾರಿಸಿಕೊಳ್ಳುತ್ತಿದ್ದರೆಂದು ಹೆಂಡತಿ ಆಮೇಲೆ ಹೇಳಿದರು. ಅಂದಿನಿಂದ ಮೇಡಂ ಎದೆ ನೋಯುತ್ತದೆಯೇ ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ. ಹೊರೆ ಹೊರುವವರನ್ನು, ದಾರಿಯಲ್ಲಿ ದಣಿವಾರಿಸಲು ಅದನ್ನು ಎಲ್ಲಿ ಇಳಿಸುತ್ತೀರಿ ಎಂದು ಕೇಳತೊಡಗಿದರು.

ಹಣ್ಣು ಹೊತ್ತು ಮಾರುವ ಶೆಟಗೇರಿಯ ಗಂಗಿ ಒಂದು ದಿನ ಇಶಾಡು ಮಾವಿನ ಬುಟ್ಟಿಯೊಂದಿಗೇ ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದಿದ್ದಳು. ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಅಪಾಯದ ಚಾರ್ಟಿಗೆ ಹೊಂದಿಸಿದರೆ ಬಂದದ್ದು ಮಧ್ಯಮ ಅಪಾಯದ ಹಳದಿ ಬಣ್ಣ, ಕೆಂಪಲ್ಲ. ಇಸಿಜಿಯೂ ಸರಿಯಿತ್ತು. ನಾವೆಲ್ಲ ನಿರಾಳವಾಗಿದ್ದಾಗ ಮೇಡಂ ತಮ್ಮ ಪ್ರಶ್ನೆ ಕೇಳಿದರು.

"ಮೊದ್ಲು ಅಷ್ಟು ದೂರದ ಬಾಳೆಗುಳಿ ತನಕ ಇಳಸ್ತಿರ್ಲಿಲ್ಲ. ಈಗ ಮನೆ ಹತ್ರದ ಹಳ್ಳ ದಾಟು ಸಂಕಕ್ಕೇ ಇಳಸ್ಬೇಕಾಗ್ತದೆ. ವಯಸ್ಸಾಯ್ತಲ್ರಾ" ಎಂದು ಗಂಗಿ ನಕ್ಕಳು.

ಮೇಡಂ ನಗಲಿಲ್ಲ. "ಚಾರ್ಟು ಸಾವಿರ ಜನರ ಲೆಕ್ಕ ಹೇಳ್ತದೆ. ಗಂಗಿ ಒಬ್ಬಳೇ" ಎಂದು ನನ್ನತ್ತ ತಿರುಗಿ, ಕಾರವಾರದ ದೊಡ್ಡಾಸ್ಪತ್ರೆಗೆ ಕಳಿಸಲು ಆಂಬುಲೆನ್ಸ್ ಕರೆಸಿದರು. ಹಣ್ಣು ಕೊಳೆಯುತ್ತದೆಂದು ಗಂಗಿ ಹಟ ಹಿಡಿದಳು. ಮೇಡಂ ಬುಟ್ಟಿಯನ್ನೆತ್ತಿ ತಮ್ಮ ಮೇಜಿನ ಮೇಲಿಟ್ಟುಕೊಂಡು, "ಇದನ್ನು ಮಾರುದು ನನ್ನ ಕೆಲ್ಸ. ನೀ ಗಾಡಿ ಹತ್ತು" ಎಂದರು. ಅಂದು ನಮ್ಮ ಹೊರರೋಗಿ ವಿಭಾಗದಲ್ಲಿ ಮಾವು ಭರ್ಜರಿಯಾಗಿ ಮಾರಾಟವಾಯಿತು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಮೇಡಂ ಕೊಡಲಿಲ್ಲ.

ಕಾರವಾರದಲ್ಲಿ ನೋಡಿದರೆ ಗಂಗಿಯ ಹೃದಯದ ಮುಖ್ಯ ರಕ್ತನಾಳ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿ ಉಳಿಸಿದರು. ಆ ಸುದ್ದಿ ಬಂದಾಗ ನಾನು ಚಾರ್ಟನ್ನು ಮತ್ತೆ ತೆಗೆದು ನೋಡಿದೆ. ಮೇಡಂ ಮಾತ್ರ ಮುಂದಿನ ರೋಗಿಯನ್ನು ಕರೆದರು.

ಅವರು ಆರೋಗ್ಯದಿಂದ ಬಹುಕಾಲ ಬಾಳಲಿ, ನಿವೃತ್ತಿಯ ನೆಪ ಹೇಳದೆ ನಮಗಿನ್ನೂ ಕಲಿಸುತ್ತಿರಲಿ ಎಂದು ಹಾರೈಸುವವಳು ನಾನೊಬ್ಬಳೇ ಅಲ್ಲ. ಅವರ ನಿವೃತ್ತಿಯ ಬೀಳ್ಕೊಡುಗೆಯ ದಿನ ಗಂಗಿಯೂ ಬಂದಿದ್ದಳು, ತಲೆಯ ಮೇಲೊಂದು ಸಣ್ಣ ಬುಟ್ಟಿ ಹೊತ್ತು. ಮೇಡಂ ಹಾರ ತೆಗೆದಿಟ್ಟು ಮೊದಲು ಕೇಳಿದ್ದು ಅದನ್ನೇ: "ಎಲ್ಲಿ ಇಳಿಸ್ದೆ?"

ಗಂಗಿ ಬುಟ್ಟಿಯನ್ನು ಅವರ ಕಾಲ ಬಳಿ ಇಟ್ಟಳು.

"ಇಲ್ಲೇ, ಡಾಕ್ಟರಮ್ಮ."